ಹಸಿ ಸೈಕಲ್ಲು

ಅಂಗಡಿಯಲ್ಲಿ ಹೊಸ ಸೈಕಲ್ಲನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು, ಗಲಗಲ ಅಲ್ಲಾಡಿಸಿ ನೋಡುವ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನನ್ನ ಚಿಕ್ಕಪ್ಪ!

ತಪ್ಪು ಅವರದಲ್ಲ ಬಿಡಿ. ನಮ್ಮ ಬಿಳಿಗೆರೆ ಕಡೆ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಕಾಯುತ್ತೇವೆ. ಅಲ್ಲಾಡಿಸಿದಾಗ ಒಳಗೆ ಗಡಗಡ ಅಂದರೆ ಕೊಬ್ಬರಿಯಾಯಿತು. ಸದ್ದಿಲ್ಲದಿದ್ದರೆ ಇನ್ನೂ ಹಸಿ. ಜೀವಮಾನವೆಲ್ಲ ಇದನ್ನೇ ಮಾಡಿದ ಚಿಕ್ಕಪ್ಪ ಟಾರ್ಚು, ಔಷಧಿ ಬಾಟಲಿ, ಕೊನೆಗೆ ನನ್ನ ಬೀಗರು ಕೊಟ್ಟ ಸ್ವೀಟ್ ಡಬ್ಬಿಯನ್ನೂ ಅವರೆದುರಿಗೇ ಅಲ್ಲಾಡಿಸಿ ತೀರ್ಪು ಕೊಟ್ಟವರು!

ಅವರ ಹಳೆಯ ಸೈಕಲ್ಲು ಈ ಲೆಕ್ಕದಲ್ಲಿ ಪೂರ್ತಿ ಕೊಬ್ಬರಿಯಾದದ್ದು. ಮಡ್ಗಾರ್ಡಿನದೊಂದು ರಾಗ, ಚೈನ್ ಕವರಿನದು ಇನ್ನೊಂದು. ಆಪರೇಷನ್ ಮಾಡಿಸಿದರೂ ಕಣ್ಣು ಮಂಜಾಗಿಯೇ ಉಳಿದ ಚಿಕ್ಕಮ್ಮ, ಕೆರೆ ಏರಿಯ ಮೇಲಿನ ಆ ಗಡಗಡ ಕೇಳಿಯೇ ಕಾಫಿಗೆ ನೀರಿಡುತ್ತಿದ್ದರು. ಹೋದ ಕಾರ್ತೀಕದಲ್ಲಿ ಅದರ ಫ್ರೇಮು ಮುರಿಯಿತು. ವೆಲ್ಡಿಂಗಿನವನೂ ಕೈಮುಗಿದ. ಚಿಕ್ಕಪ್ಪ ಅವತ್ತು ಊಟ ಮಾಡಲಿಲ್ಲ.

ನಾನೇ ತಿಪಟೂರಿಗೆ ಕರೆದುಕೊಂಡು ಹೋದೆ. ಅಂಗಡಿಯವರು ಮೂರು ತೋರಿಸಿದರು. ತೆಳು ಚಕ್ರದ ರೋಡ್ ಬೈಕ್ ಡಾಂಬರಿಗೆ, ದಪ್ಪ ಚಕ್ರದ ಮೌಂಟೇನ್ ಬೈಕ್ ಕಲ್ಲುಗುಡ್ಡಕ್ಕೆ, ನಡುವಿನ ಗ್ರಾವೆಲ್ ಬೈಕ್ ಎಲ್ಲದಕ್ಕೂ.

"ಕಿಬ್ಬನಹಳ್ಳಿಗಂಟ ಟಾರು, ತೋಟದ ದಾರಿ ಜಲ್ಲಿ, ಬದು ಮ್ಯಾಲೆ ಬರೀ ಮಣ್ಣು. ಮೂರೂ ತಗಂಡು ದಾರೀಲಿ ಬದ್ಲಾಯ್ಸ್ಕಂಡು ಹೋಗ್ಲೇನಪ್ಪಾ?" ಎಂದರು ಚಿಕ್ಕಪ್ಪ.

"ಅದಕ್ಕೇ ಯಜಮಾನ್ರೇ, ಗ್ರಾವೆಲ್ ತಗಳ್ಳಿ. ಎಂಥಾ ಜಲ್ಲಿ ಮೇಲೆ ಹೋದ್ರೂ ಒಂಚೂರೂ ಸದ್ದು ಬರಲ್ಲ!"

ಹೇಳಬಾರದ ಮಾತನ್ನು ಹೇಳಿಬಿಟ್ಟರು. ಚಿಕ್ಕಪ್ಪ ಮೂರನ್ನೂ ಎತ್ತಿ ಅಲ್ಲಾಡಿಸಿದರು. "ಮೂರೂ ಹಸಿ ಕಣ್ಲಾ. ನಡಿ, ಹೋಗಾನ."

ಅಂಗಡಿ ತುಂಬ ಜನ ನಗುತ್ತಿದ್ದರು. ನಾನೂ ನಕ್ಕೆ. ಕಾಡಿ ಬೇಡಿ, ಹಿಂದೆ ಕ್ಯಾರಿಯರ್ ಹಾಕಿಸಿ, ಗ್ರಾವೆಲ್ಲನ್ನೇ ಕೊಡಿಸಿದೆ.

ಮರುದಿನ ಸಂಜೆ ನಾನು ಅವರ ಮನೆಯ ಜಗಲಿಯ ಮೇಲಿದ್ದೆ. ಚಿಕ್ಕಪ್ಪ ತೋಟದಿಂದ ಸದ್ದಿಲ್ಲದೆ ಬಂದು ಬಾಗಿಲಲ್ಲಿ ನಿಂತರು. ಒಳಗಿದ್ದ ಚಿಕ್ಕಮ್ಮ ಬೆಚ್ಚಿಬಿದ್ದು, ಗೋಡೆ ಹಿಡಿದುಕೊಂಡು ಕೇಳಿದರು: "ಯಾರದು?"

ಗಂಡನನ್ನು ಅವರು ಹಾಗೆ ಎಂದೂ ಕೇಳಿದವರಲ್ಲ. "ನಾನು ಕಣೇ" ಎಂದರು ಚಿಕ್ಕಪ್ಪ. ಒಲೆಯ ಮೇಲೆ ನೀರಿರಲಿಲ್ಲ. ಚಿಕ್ಕಪ್ಪ ಹೊಸ ಸೈಕಲ್ಲಿನ ಕಡೆ ಒಮ್ಮೆ ತಿರುಗಿ ನೋಡಿದರು.

ಬೆಳಿಗ್ಗೆ ಹೋದರೆ ಚಿಕ್ಕಪ್ಪ ಅಟ್ಟ ಹತ್ತಿ ಕೂತಿದ್ದಾರೆ! ಒಂದೊಂದೇ ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಾ, "ಊಂಹೂಂ... ಇದೂ ಸಾಲ್ದು ಬುಡು" ಎನ್ನುತ್ತಿದ್ದರು. ಕೊನೆಗೆ ಒಂದನ್ನು ಆರಿಸಿ, ಚೀಲದಲ್ಲಿ ಹಾಕಿ, ಆ ಮಿರಮಿರ ಮಿಂಚುವ ಸೈಕಲ್ಲಿನ ಹ್ಯಾಂಡಲಿಗೆ ಬಿಗಿದು ಕಟ್ಟಿದರು. ನನಗೆ ಈ ಸಲ ನಗು ಬರಲಿಲ್ಲ. ಕಣ್ಣು ತುಂಬಿ ಬಂತು.

ಈಗ ಸಂಜೆ ಏರಿಯ ಮೇಲೆ ಮತ್ತೆ ಗಡಗಡ ಕೇಳುತ್ತದೆ. ಚಿಕ್ಕಮ್ಮ ಎದ್ದು ನೀರಿಡುತ್ತಾರೆ. ಒಂದು ಗಳಿಗೆ ಕಿವಿಗೊಟ್ಟು, "ಇವತ್ತು ಸುಸ್ತಾಗವ್ರೆ ಕಣಪ್ಪ, ನಿಧಾನಕ್ಕೆ ಬತ್ತಾವ್ರೆ" ಎಂದು ಚಿಕ್ಕಪ್ಪನ ಲೋಟಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕುತ್ತಾರೆ.