ಪಿಸ್ತೂಲಿಗೆ ಕುಸುಬಿ ಎಣ್ಣೆ

ಕಿರುಗುಟ್ಟುವ ಸಪ್ಪಳ ಕಿವಿಗೆ ಬಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ಬಾಗಿಲ ತಿರುಗಣಿ, ತೊಟ್ಟಿಲ ಕೊಂಡಿ, ಬಾವಿಯ ಗಾಲಿ, ಗಂಡನ ಮೊಣಕಾಲು, ಎಲ್ಲಕ್ಕೂ ಎಣ್ಣೆ ಹಾಕಿಯೇ ಇಷ್ಟು ವರ್ಷ ಬಾಳಿದವಳು ನಾನು. ಓದಿದ್ದು ಮೂರನೇ ಜಮಾತು, ಅದರಲ್ಲೂ ಅರ್ಧ ವರ್ಷ ಮಾಸ್ತರರಿಗೆ ಚಳಿಜ್ವರ. ಹಾಗಾಗಿ ಲೆಕ್ಕ, ಭೂಗೋಳ ಇತ್ಯಾದಿ ನನ್ನನ್ನು ಕೇಳಬೇಡಿ. ಯಾವುದಕ್ಕೆ ಯಾವ ಎಣ್ಣೆ ಎಂದು ಕೇಳಿದರೆ ಮಾತ್ರ ಎದೆ ತಟ್ಟಿ ಹೇಳುತ್ತಿದ್ದೆ. ಹೇಳುತ್ತಿದ್ದೆ ಎಂದೆ. ಈಗ ಹೇಳುವುದಿಲ್ಲ. ಯಾಕೆ ಎಂಬುದನ್ನು ಹೇಳಿಕೊಂಡರೆ ನಗುತ್ತೀರಿ, ನಗಿರಿ. ನನಗಂತೂ ಅವತ್ತು ಜೀವ ಬಾಯಿಗೆ ಬಂದಿತ್ತು.

ನಾನು ಅಂಜುಬುರುಕಿ ಅಲ್ಲ. ತೆಲುಗು ಸೀಮೆಯ ಉಟ್ಕೂರಿನ ನಮ್ಮ ಹೊಲದ ಗುಡಿಸಲಲ್ಲಿ ಹಾವನ್ನು ಇಕ್ಕಳದಲ್ಲಿ ಹಿಡಿದು ಹೊರಗೆ ಎಸೆದಿದ್ದೇನೆ. ನಮ್ಮ ಅತ್ತೆಯ ಜೊತೆ ಇಪ್ಪತ್ತೆರಡು ವರ್ಷ ಒಂದೇ ಒಲೆಯಲ್ಲಿ ಅಡುಗೆ ಮಾಡಿದ್ದೇನೆ. ಆದರೆ ನನ್ನ ಮೊಮ್ಮಗಳು ಭಾಗ್ಯ ಪೊಲೀಸ್ ಎಸ್ಸೈ ಆಗಿ, ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡು ಮನೆಯೊಳಗೆ ಕಾಲಿಟ್ಟ ದಿನದಿಂದ ನನ್ನ ಧೈರ್ಯವೆಲ್ಲ ನೀರಾಯಿತು. ಅವಳ ಅವ್ವ, ಅಂದರೆ ನನ್ನ ಮಗಳು, ನಾರಾಯಣಪೇಟೆಯಲ್ಲಿ ಸೀರೆ ಮಗ್ಗ ಬಿಟ್ಟು ಬರುವಂತಿರಲಿಲ್ಲ. ಹುಡುಗಿ ಒಬ್ಬಳೇ ಉಪ್ಪಿಟ್ಟು ತಿಂದು ಸಾಯುತ್ತಾಳೆಂದು ನನ್ನನ್ನು ಮಕ್ತಲದ ಬಾಡಿಗೆ ಮನೆಗೆ ಕಳಿಸಿದರು. ಅಡುಗೆ ಮಾಡಲು ಬಂದವಳು ನಾನು. ಪಿಸ್ತೂಲಿನ ಜೊತೆ ಸಂಸಾರ ಮಾಡಬೇಕೆಂದು ಯಾರೂ ಹೇಳಿರಲಿಲ್ಲ.

ಅವಳು ಅದನ್ನು ಕಬ್ಬಿಣದ ಅಲಮಾರಿಯಲ್ಲಿಟ್ಟು ಬೀಗ ಹಾಕುತ್ತಿದ್ದಳು. ಬೀಗ ಹಾಕಿದರೇನು, ಅದು ಒಳಗೇ ಇರುತ್ತದಲ್ಲ! ನಾನು ಆ ಕೋಣೆಯಲ್ಲಿ ಮೆಣಸಿನಕಾಯಿ ಕುಟ್ಟುವುದನ್ನು ಬಿಟ್ಟೆ. ಅಲಮಾರಿಯ ಮುಂದೆ ಕಸ ಗುಡಿಸುವಾಗ ಬಗ್ಗಿ ಬಗ್ಗಿ ಹೋಗುತ್ತಿದ್ದೆ. ಒಂದು ದಿನ ಕೇಳಿಯೇ ಬಿಟ್ಟೆ: "ಅದರ ಮಾರಿ ಯಾವ ಕಡೆ ಮಾಡಿ ಇಡತಿ?"

"ಗ್ವಾಡಿ ಕಡೆ, ಅಜ್ಜಿ."

"ಆ ಗ್ವಾಡಿ ಆಚಿಗೆ ಶರಣಮ್ಮನ ಅಡಿಗಿ ಮನಿ ಐತಲ್ಲ!"

"ಗುಂಡು ತಾನ ಎದ್ದು ಹೋಗಂಗಿಲ್ಲ ಬೇ."

ಆದರೆ ಅವಳೇ ಒಮ್ಮೆ ಹೇಳಿದ್ದಳು, ಒಂದು ಗುಂಡು ಹಾರಿದ ಕೂಡಲೇ ಮುಂದಿನ ಗುಂಡು ತಾನೇ ಬಂದು ಕೂತುಕೊಳ್ಳುತ್ತದೆ ಎಂದು. ತಾನೇ ಬಂದು ಕೂಡುವುದು ತಾನೇ ಎದ್ದು ಹೋಗುವುದಿಲ್ಲ ಎಂದು ಯಾವ ನಂಬಿಕೆ? ಪಕ್ಕದ ಮನೆಗೆ ಹೋಗಿ, "ಶರಣವ್ವ, ಒಲಿ ಆ ಮೂಲಿಗೆ ಇಟ್ಟುಕೊ, ವಾಸ್ತು ಚೊಲೋ ಇರತೈತಿ" ಎಂದು ಹೇಳಿ ಬಂದೆ. ಪಾಪ, ಅವಳು ಗ್ಯಾಸಿನ ಕಟ್ಟೆಯನ್ನೇ ಬದಲಿಸಿದಳು. ಈಗ ವಾಸ್ತುವಿನಿಂದ ಮನೆಗೆ ಒಳ್ಳೆಯದಾಯಿತು ಎನ್ನುತ್ತಿದ್ದಾಳೆ. ನಾನೂ ಹೌದೌದು ಎನ್ನುತ್ತೇನೆ.

ಹೀಗಿರುವಾಗ ಮಹಾನವಮಿ ಬಂತು. ನಮ್ಮಲ್ಲಿ ಆಯುಧಪೂಜೆಗೆ ಮನೆಯ ಕಬ್ಬಿಣವೆಲ್ಲ ಮಣೆ ಏರಬೇಕು. ಈಳಿಗೆ, ಕುಡುಗೋಲು, ಕತ್ತರಿ, ಮತ್ತು ಅಡಿಕೆ ಕತ್ತರಿಸುವ ನನ್ನ ಅಡಕೊತ್ತು. ಈ ಅಡಕೊತ್ತು ನನ್ನ ತವರಿನದು. ಗಂಡ ಸತ್ತಾಗ ಎರಡು ದಿನ ಅತ್ತೆ, ಇದು ಕಳೆದಾಗ ನಾಲ್ಕು ದಿನ ಹುಡುಕಿದೆ. ಎಲ್ಲಕ್ಕೂ ಎಣ್ಣೆ ಒರಸಿ, ವಿಭೂತಿ ಹಚ್ಚಿ, ಕುಂಕುಮ ಇಟ್ಟು ಕೈಮುಗಿಯುವುದು ನಮ್ಮ ಪದ್ಧತಿ. ಕುಡುಗೋಲಿಗೆ ಪೂಜೆ ಮಾಡಿ ಪಿಸ್ತೂಲಿಗೆ ಬಿಟ್ಟರೆ ಅದಕ್ಕೆ ಸಿಟ್ಟು ಬಂದೀತೆಂಬ ಅಂಜಿಕೆ ನನಗೆ. "ಅದನ್ನೂ ಇಡು" ಎಂದೆ. ಠಾಣೆಯಲ್ಲಿ ಪೂಜೆ ಆಗುತ್ತದೆ ಎಂದಳು. ಮನೆಯ ಪೂಜೆ ಮನೆಯದು ಎಂದೆ. ಕೊನೆಗೆ ಅವಳು ಗುಂಡಿನ ಮ್ಯಾಗಝೀನನ್ನು ತೆಗೆದು ಕಿಸೆಯಲ್ಲಿಟ್ಟುಕೊಂಡು, ಪಿಸ್ತೂಲಿನ ಮೇಲಿನ ಭಾಗವನ್ನು ಹಿಂದಕ್ಕೆಳೆದು, "ನೋಡು, ಒಳಗ ಏನೂ ಇಲ್ಲ" ಎಂದು ತೋರಿಸಿದಳು. ನಾನು ಕಣ್ಣು ಮುಚ್ಚಿಕೊಂಡಿದ್ದರಿಂದ ನೋಡಲಿಲ್ಲ. ಆದರೆ ಕೇಳಿಸಿತು. ಎಳೆದಾಗ ಅದು ಕರ್ರ್ ಎಂದಿತು.

ಅಷ್ಟರಲ್ಲಿ ಅವಳ ಫೋನು ಬಂತು. "ಮುಟ್ಟಬ್ಯಾಡ" ಎನ್ನುತ್ತ ಹೊಸ್ತಿಲ ಹತ್ತಿರ ಹೋಗಿ ನಿಂತು ಮಾತಾಡತೊಡಗಿದಳು. ನಾನು, ಮಣೆ, ಮಣೆಯ ಮೇಲೆ ಆ ಕರ್ರ್ ಎನ್ನುವ ವಸ್ತು. ಸತ್ಯ ಹೇಳುತ್ತೇನೆ, ನನ್ನ ಕಾಲು ಬಾಗಿಲ ಕಡೆ ತಿರುಗಿತ್ತು, ಆದರೆ ಕೈ ಆಗಲೇ ಎಣ್ಣೆಗೆ ಹೊರಟಿತ್ತು. ಯಾವ ಎಣ್ಣೆ? ಬುದ್ಧಿ ಉಪಯೋಗಿಸಿಯೇ ಆರಿಸಿದೆ, ಬುದ್ಧಿ ಇಲ್ಲದೆ ಅಲ್ಲ. ಹರಳೆಣ್ಣೆ ಬಂಡಿಯ ಅಚ್ಚಿಗೆ ಸರಿ, ಇಷ್ಟು ಸಣ್ಣ ಸಂದಿಗೆ ದಪ್ಪ, ಧೂಳು ಬೇರೆ ಹಿಡಿಯುತ್ತದೆ. ಕೊಬ್ಬರಿ ಎಣ್ಣೆ ಚಳಿಗಾಲದಲ್ಲಿ ಗಡ್ಡೆ ಕಟ್ಟುತ್ತದೆ. ಎಳ್ಳೆಣ್ಣೆ ಶನಿದೇವರದು, ಹುಡುಗಿಯ ಸೊಂಟಕ್ಕೆ ಅದನ್ನು ಕಟ್ಟಿ ಕಳಿಸಲೇ? ಸೀಮೆಎಣ್ಣೆ ಎಂದರೆ ಬೆಂಕಿ, ಅದರ ಹೆಸರನ್ನೂ ಎತ್ತಲಿಲ್ಲ. ಉಳಿದದ್ದು ನಮ್ಮ ಕುಸುಬಿ ಎಣ್ಣೆ. ತೆಳ್ಳಗೆ, ತಿಳಿಯಾಗಿ, ಬಂಗಾರದ ಬಣ್ಣ. ರಾಯಚೂರು ಸೀಮೆಯಿಂದ ಈ ಕಡೆಯವರೆಗೆ ನಾವೆಲ್ಲ ಅದನ್ನು ತಿಂದೇ ಗಟ್ಟಿಯಾದವರು. ಅಡಕೊತ್ತಿನ ಕೀಲಿಗೆ ಎರಡು ಹನಿ ಬಿಟ್ಟೆ. ಆಮೇಲೆ ಶಿವಶಿವಾ ಎಂದು ಮಾರಿ ಅತ್ತ ತಿರುಗಿಸಿ, ಕೈ ಚಾಚಿ, ಪಿಸ್ತೂಲಿನ ಸಂದಿಗಳಿಗೆ ಚಮಚದಿಂದ ಬಿಟ್ಟೆ. ಎಷ್ಟು ಹನಿ ಎಂದು ಎಣಿಸಲಿಲ್ಲ. ಭಾಗ್ಯ ಒಳಗೆ ಬರುವಷ್ಟರಲ್ಲಿ ಸೆರಗಿನಿಂದ ಒರಸಿ ಕುಂಕುಮ ಇಟ್ಟಿದ್ದೆ. ಅವಳು ಅವಸರದಲ್ಲಿ ಕುಂಕುಮವನ್ನು ಒರಸಿ, ಪಿಸ್ತೂಲನ್ನು ಸೊಂಟದ ತೊಗಲಿನ ಚೀಲದೊಳಗೆ ಇಟ್ಟುಕೊಂಡು ಓಡಿದಳು.

ಆಮೇಲೆ ಹಲ್ಲು ನೋವು ಬಂದು ನಾರಾಯಣಪೇಟೆಯಲ್ಲಿ ಎರಡು ದವಡೆ ಹಲ್ಲು ಕೀಳಿಸಿಕೊಂಡೆ. ಡಾಕ್ಟರು, "ಒಂದೂವರೆ ತಿಂಗಳು ಅಡಿಕೆ ಮುಟ್ಟಿದರೆ ನನ್ನ ಹತ್ತಿರ ಬರಬೇಡಿ" ಎಂದರು. ಒಂದೂವರೆ ತಿಂಗಳು ಮುಗಿದ ದಿನ ಬೆಳಿಗ್ಗೆ, ಭಾಗ್ಯ ಡ್ಯೂಟಿಗೆ ಹೋದ ಮೇಲೆ, ಎಲೆ ಒರಸಿ, ಸುಣ್ಣ ತೆಗೆದು, ಹಬ್ಬದಿಂದ ಡಬ್ಬಿಯಲ್ಲೇ ಇದ್ದ ಅಡಕೊತ್ತನ್ನು ಕೈಗೆತ್ತಿಕೊಂಡೆ. ತೆರೆಯಲಿಲ್ಲ. ಎರಡೂ ಕೈಯಿಂದ ಎಳೆದೆ. ಕಾಲಿನ ಕೆಳಗೆ ಒತ್ತಿ ಹಿಡಿದು ಎಳೆದೆ. ಊಹೂಂ. ಕೀಲಿನ ಸುತ್ತ ಹಳದಿ ಅಂಟು ಒಣಗಿ ಅರಗಿನ ಹಾಗೆ ಕೂತಿತ್ತು. ಉಗುರಿನಿಂದ ಕೆರೆದೆ, ಉಗುರು ಮುರಿಯಿತು. ಅದೇ ಗಳಿಗೆಯಲ್ಲಿ ನಮ್ಮಪ್ಪ ಕಣ್ಣ ಮುಂದೆ ಬಂದ. ಸತ್ತು ನಲವತ್ತು ವರ್ಷವಾದವನು, ಬೇರೆ ಕೆಲಸ ಇಲ್ಲದವನ ಹಾಗೆ ಬಂದು ನಿಂತ. ಎತ್ತು ಕಟ್ಟಿ ಬಾವಿಯ ನೀರೆತ್ತುವ ಕಪಿಲೆಯ ತೊಗಲಿನ ಚೀಲಕ್ಕೆ ಅಪ್ಪ ಏನು ಬಳಿಯುತ್ತಿದ್ದ? ಕುಸುಬಿ ಎಣ್ಣೆ ಕಾಸಿ ಬಳಿಯುತ್ತಿದ್ದ. ಯಾಕೆ? ಒಣಗಿ ಪೊರೆ ಕಟ್ಟಿ, ನೀರು ಸೋರದ ಹಾಗೆ ಸಂದಿಯೆಲ್ಲ ಮುಚ್ಚಲಿ ಎಂದು. ಬಳಿಯುವಾಗ ಎಣ್ಣೆಯ ಬಟ್ಟಲು ಹಿಡಿದು ನಿಂತವಳು ನಾನೇ. ನನಗೆ ಗೊತ್ತಿತ್ತು. ಎಲ್ಲವೂ ಗೊತ್ತಿತ್ತು. ಗೊತ್ತಿದ್ದೂ ಮೊಮ್ಮಗಳ ಪಿಸ್ತೂಲಿನ ಸಂದಿಯೆಲ್ಲ ಮುಚ್ಚಿಬಿಟ್ಟಿದ್ದೆ.

ಮತ್ತೆ ಅವತ್ತಿನ ಡ್ಯೂಟಿ ಎಂಥದು? ಕುರಿ ಕದಿಯುವ ಗುಂಪಿನವನೊಬ್ಬ, ಕುರಿಗಾಹಿಯ ಹೆಗಲಿಗೆ ಕೊಡಲಿ ಬೀಸಿದವನು, ಅವನನ್ನು ಗದ್ವಾಲದ ಕೋರ್ಟಿಗೆ ಹಾಜರುಪಡಿಸುವ ಡ್ಯೂಟಿ. ರೊಟ್ಟಿ ಕಟ್ಟುವಾಗ ಅವಳೇ ಹೇಳಿದ್ದಳು: "ಒಮ್ಮಿ ಓಡಿ ಹೋಗ್ಯಾನ ಅಜ್ಜಿ, ಇವತ್ತು ಹುಷಾರಿರಬೇಕು." ತಿಂಗಳುಗಟ್ಟಲೆ ನಾನು ಆ ಪಿಸ್ತೂಲು ಹಾರಿಬಿಟ್ಟೀತೆಂದು ಅಂಜಿದ್ದೆ. ಈಗ ಹಾರದಿದ್ದರೆ ಎಂದು ಅಂಜತೊಡಗಿದೆ. ಫೋನು ಹಚ್ಚಿದೆ. ಎತ್ತಲಿಲ್ಲ. ಇನ್ನೊಮ್ಮೆ ಹಚ್ಚಿದೆ. ಒಂದು ಹೆಣ್ಣು ದನಿ ತೆಲುಗಿನಲ್ಲಿ ಏನೋ ಹೇಳಿತು, ಅದಕ್ಕೇ ಎಲ್ಲ ಹೇಳಿಕೊಳ್ಳಲೇ ಅನ್ನಿಸಿತು. ಅಡಕೊತ್ತನ್ನು ಚೀಲಕ್ಕೆ ಹಾಕಿಕೊಂಡು ಬಸ್ಟ್ಯಾಂಡಿಗೆ ಓಡಿದೆ.

ಬಸ್ಸಿನಲ್ಲಿ ಕಂಡಕ್ಟರು ಆಧಾರ್ ಕಾರ್ಡು ತೋರಿಸು ಎಂದ. ನಾನು ಗಾಬರಿಯಲ್ಲಿ ಅಡಕೊತ್ತು ತೆಗೆದು ತೋರಿಸಿದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ. ಜೂರಾಲದ ಕಟ್ಟೆಯ ಮೇಲೆ ಬಸ್ಸು ಹೋಗುವಾಗ ಎಲ್ಲರೂ ಕೃಷ್ಣೆಗೆ ಕೈಮುಗಿದರು. ನಾನೂ ಮುಗಿದೆ. ಏನು ಬೇಡಿಕೊಳ್ಳಬೇಕೋ ತಿಳಿಯಲಿಲ್ಲ. ಪಿಸ್ತೂಲು ಬೇಕಾಗದೇ ಇರಲಿ ಎಂದೆ. ಬೇಕಾದರೆ ಹಾರಲಿ ಎಂದೆ. ಹಾರಿದರೆ ಯಾರಿಗೂ ತಾಗದಿರಲಿ ಎಂದೆ. ನದಿಗೂ ತಲೆ ಕೆಟ್ಟಿರಬೇಕು.

ಕೋರ್ಟಿನ ಗೇಟಿನಲ್ಲಿ ಮಹಿಳಾ ಪೊಲೀಸೊಬ್ಬಳು ಚೀಲದೊಳಗೆ ಕೈ ಹಾಕಿ ಅಡಕೊತ್ತು ಎತ್ತಿದಳು. "ಅಮ್ಮಾ, ಕೋರ್ಟಿಗೆ ಆಯುಧ ತರಾಕ ಬರಂಗಿಲ್ರಿ."

"ಅದು ತೆರೆಯಂಗಿಲ್ಲ ತಾಯಿ, ಅದನ್ನ ಹೇಳಾಕ ಬಂದೀನಿ!"

ಅವಳು ನನ್ನನ್ನು ಒಂಥರಾ ನೋಡಿದಳು. ಅಷ್ಟರಲ್ಲಿ ಬೇವಿನ ಮರದ ಕೆಳಗೆ ಭಾಗ್ಯ ಕಂಡಳು. ಪಕ್ಕದಲ್ಲಿ ಇಬ್ಬರು ಕಾನ್‌ಸ್ಟೇಬಲ್ಲುಗಳು, ನಡುವೆ ಬೇಡಿ ಹಾಕಿಸಿಕೊಂಡ ದಪ್ಪ ಮೀಸೆಯವನು. ಅವಳ ಹತ್ತಿರ ಹೋಗಿ ಕಿವಿಯಲ್ಲಿ ಹೇಳಬೇಕೆಂದೇ ಇಡೀ ದಾರಿ ಅಂದುಕೊಂಡಿದ್ದೆ. ಆದರೆ ಅಂಜಿಕೆ ಎನ್ನುವುದು ಬಾಯಿಯನ್ನು ಮೊದಲು ತೆರೆಯುತ್ತದೆ. ಗೇಟಿನಿಂದಲೇ ಕೂಗಿದೆ:

"ಭಾಗ್ಯಾ! ನಿನ್ನ ಪಿಸ್ತೂಲು ನಂಬಬ್ಯಾಡ! ಅದು ಹಾರಂಗಿಲ್ಲ! ನಾನು ಕುಸುಬಿ ಎಣ್ಣಿ ಹಾಕೀನಿ!"

ಕೋರ್ಟಿನ ಅಂಗಳದವರೆಲ್ಲ ಗೇಟಿನ ಕಡೆ ತಿರುಗಿದರು. ವಕೀಲರು ಚಹಾದ ಕಪ್ಪು ಹಿಡಿದುಕೊಂಡೇ ನಿಂತರು. ಎಲ್ಲರಿಗಿಂತ ಮೊದಲು ತಿಳಿದುಕೊಂಡವನು ಆ ಮೀಸೆಯವನು. ಅವನು ಭಾಗ್ಯಳ ಸೊಂಟ ನೋಡಿದ, ಗೇಟು ನೋಡಿದ, ಗೇಟಿನಲ್ಲಿ ನಿಂತ ನನ್ನನ್ನು ನೋಡಿದ, ಕುಕ್ಕರಗಾಲಿನಲ್ಲಿದ್ದವನು ಮೆಲ್ಲಗೆ ಎದ್ದ. ನಾನು ಗೇಟಿನ ಸಲಾಕೆ ಹಿಡಿದುಕೊಂಡೆ. ನನ್ನ ಬಾಯಿಂದ ನನ್ನ ಹುಡುಗಿಯನ್ನು ಕೊಂದೆ ಎಂದೇ ಅಂದುಕೊಂಡೆ.

ಭಾಗ್ಯ ಅಲುಗಲಿಲ್ಲ. ಸೊಂಟದ ಮೇಲೆ ಕೈ ಕೂಡ ಇಡಲಿಲ್ಲ. "ಓಡಿ ನೋಡು" ಎಂದಳು ಅವನಿಗೆ, ಅನ್ನಕ್ಕೆ ಕರೆಯುವ ದನಿಯಲ್ಲಿ. "ಹಾರತೈತೋ ಇಲ್ಲೋ, ನಿನಗೂ ಗೊತ್ತಾಗಲಿ, ನಮ್ಮ ಅಜ್ಜಿಗೂ ಗೊತ್ತಾಗಲಿ."

ಅವನು ಅವಳ ಸೊಂಟವನ್ನು ಇನ್ನೊಮ್ಮೆ ನೋಡಿದ. ಮತ್ತೆ ಕೂತ. ಕೂತವನು ಸುಮ್ಮನಿರದೆ ನನಗೆ ಬುದ್ಧಿ ಹೇಳಿದ: "ಅಲ್ಲಬೇ ಯಮ್ಮಾ, ಕುಸುಬಿ ಎಣ್ಣಿ ಯಾರರ ಹಾಕತಾರೇನು? ಒಣಗಿ ಹಿಡಕೊಂಡು ಬಿಡತೈತಿ. ಹೊಲಿಗಿ ಮಷೀನಿನ ಎಣ್ಣಿ ಎರಡ ಹನಿ ಹಾಕಿ ಒರಸಿ ಬಿಡಬೇಕು."

ಭಾಗ್ಯ ಅವನ ಕಡೆ ತಿರುಗಿದಳು. "ಯಾವದಕ್ಕ ಹಾಕಿದ್ದಿ ಎರಡ ಹನಿ?"

ಅವನ ಮೀಸೆ ಇಳಿಯಿತು. "ಹೊಲಿಗಿ ಮಷೀನಿಗೆ ರೀ, ಮೇಡಂ."

ಭಾಗ್ಯ ಚೀಟಿಯಲ್ಲಿ ಏನೋ ಬರೆದುಕೊಂಡಳು. ಅವನ ಮನೆಯಲ್ಲಿ ಹೊಲಿಗೆ ಮಷೀನು ಇದೆಯೋ ಇಲ್ಲವೋ ನೋಡಲು ಯಾರೋ ಹೋದರಂತೆ. ಅದರ ಮುಂದಿನದು ನನಗೆ ಗೊತ್ತಿಲ್ಲ, ಅವಳು ಹೇಳುವುದಿಲ್ಲ.

ಅವನನ್ನು ಒಳಗೆ ಒಯ್ದ ಮೇಲೆ ನನ್ನನ್ನು ಕಲ್ಲುಬೆಂಚಿನ ಮೇಲೆ ಕೂಡಿಸಿ ನೀರು ಕೊಟ್ಟಳು. ಆಗ ವಿಷಯ ಹೊರಬಂತು. ಪಿಸ್ತೂಲು ಸ್ವಚ್ಛವಾಗಿಯೇ ಇತ್ತು. ಹಬ್ಬದ ದಿನ ಸಂಜೆಯೇ ಚೀಲದಿಂದ ಬಜ್ಜಿಯ ವಾಸನೆ ಬಂದು ಅವಳಿಗೆ ಗೊತ್ತಾಗಿತ್ತು. ಆಯುಧ ನೋಡಿಕೊಳ್ಳುವ ಹಿರಿಯ ಹೆಡ್ ಕಾನ್‌ಸ್ಟೇಬಲ್ಲು ಅದನ್ನು ಬಿಚ್ಚಿ, ಮೂಸಿ, "ಇದಿ ಪಿಸ್ತೋಲಾ, ಮಿರ್ಚಿ ಬಜ್ಜೀಯಾ?" ಎಂದು ಎಲ್ಲರ ಮುಂದೆ ಕೇಳಿದನಂತೆ. ಎಣ್ಣೆಯನ್ನೆಲ್ಲ ತೊಳೆದು, ಪಿಸ್ತೂಲಿಗೆಂದೇ ಇರುವ ಎಣ್ಣೆ ಹಾಕಿ, ಒರಸಿ ಕೊಟ್ಟನಂತೆ. ಯಾರು ಹಾಕಿದ್ದು ಎಂದು ಮೇಲಿನವರು ಕೇಳಿದಾಗ ಇವಳು "ನಾನೇ" ಎಂದು ಬೈಸಿಕೊಂಡಿದ್ದಳು.

"ನನಗ ಯಾಕ ಹೇಳಲಿಲ್ಲ?" ಎಂದೆ.

"ಹೇಳಿದ್ರ ನೀನು ಅಂಜತಿದ್ದಿ."

"ಹೇಳದ ಏನು ಕಡಿಮಿ ಅಂಜಿದೆನೇನು? ಮಕ್ತಲದಿಂದ ಗದ್ವಾಲದ ತನಕ ಅಂಜಿಕೋತ ಬಂದೀನಿ!"

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಅವಳು ಬೈಸಿಕೊಂಡದ್ದು ದೊಡ್ಡ ಗುಣ ಎಂದು ನೀವು ಅನ್ನಬಹುದು. ನಾನು ಅದನ್ನು ದಡ್ಡತನ ಎನ್ನುತ್ತೇನೆ, ನಮ್ಮ ಮನೆತನದ್ದೇ ದಡ್ಡತನ. ನೀರು ಕುಡಿದ ಲೋಟವನ್ನು ಮಾತ್ರ ಸೆರಗಿನಿಂದ ಎರಡು ಸಲ ಒರಸಿ ಅವಳ ಕೈಗೆ ಕೊಟ್ಟೆ.

ಗೇಟಿನಲ್ಲಿ ಜಪ್ತಾದ ಅಡಕೊತ್ತನ್ನು ಭಾಗ್ಯ ಬಿಡಿಸಿಕೊಂಡು, ಆ ಹೆಡ್ ಕಾನ್‌ಸ್ಟೇಬಲ್ಲಿನ ಕೈಗೇ ಕೊಟ್ಟಳು. ಅವನು ಎರಡು ದಿನ ಇಟ್ಟುಕೊಂಡು, ಅಂಟು ಕರಗಿಸಿ, ಉಜ್ಜಿ, ಸಾಣೆ ಹಿಡಿದು, ತೊಳೆದು ಕಳಿಸಿದ. ಈಗ ನಮ್ಮ ಮನೆಯಲ್ಲಿ ಎರಡು ಬೀಗ. ಒಂದರೊಳಗೆ ಪಿಸ್ತೂಲು, ಇನ್ನೊಂದರೊಳಗೆ ನನ್ನ ಕುಸುಬಿ ಎಣ್ಣೆಯ ಡಬ್ಬಿ. ಒಗ್ಗರಣೆಗೆ ಬೇಕಾದಾಗ ಎಸ್ಸೈ ಮೇಡಂ ಬಂದು ತೆಗೆದು ಕೊಡಬೇಕು. ಪಿಸ್ತೂಲಿನ ಅಂಜಿಕೆ ನನಗೆ ಅಷ್ಟಾಗಿ ಉಳಿದಿಲ್ಲ. ಅಲಮಾರಿಯ ಮುಂದೆ ನೆಟ್ಟಗೆ ನಿಂತೇ ಕಸ ಗುಡಿಸುತ್ತೇನೆ. ತೊಂದರೆ ಇರುವುದು ಅಡಕೊತ್ತಿನದು. ಪೊಲೀಸರ ಕೈಗೆ ಹೋಗಿ ಬಂದ ಮೇಲೆ ಅದು ಬೆಣ್ಣೆಯಂತೆ ತೆರೆದುಕೊಳ್ಳುತ್ತದೆ, ಅಡಿಕೆ ಇಟ್ಟು ಬೆರಳು ತಾಗಿಸಿದರೆ ಸಾಕು, ಟಕ್ ಎನ್ನುತ್ತದೆ. ಪ್ರತಿ ಸಲವೂ ನಾನು ಶಿವಶಿವಾ ಎಂದು ಬೆಚ್ಚಿಬೀಳುತ್ತೇನೆ. ಅಡಿಕೆ ಕತ್ತರಿಸುವ ಮೊದಲು ಈಗ ಅದರ ಮಾರಿಯನ್ನು ಗೋಡೆಯ ಕಡೆಗೆ ತಿರುಗಿಸಿ ಹಿಡಿಯುತ್ತೇನೆ. ಶರಣಮ್ಮನ ಒಲೆ ಹೇಗೂ ಆ ಮೂಲೆಯಲ್ಲಿ ಇದೆ.