ಮುಚ್ಚುವ ಟೂಲಿನ ಕೈಪಿಡಿ

ಗುರುದತ್ತನ ಕಷ್ಟವೆಲ್ಲ ಶುರುವಾದದ್ದು ಒಂದೇ ಒಂದು ಚಿತ್ರ ಕಡಿಮೆ ಬಿದ್ದದ್ದರಿಂದ.

ವಿಶಾಖಪಟ್ಟಣದ ಅವನ ಕಂಪನಿ ಆಸ್ಪತ್ರೆ, ಸಲೂನುಗಳಿಗೆ ಆನ್‌ಲೈನ್ ಬುಕಿಂಗ್ ಪುಟ ಮಾಡಿಕೊಡುತ್ತಿತ್ತು. ಕೆಲಸ ಬಿಟ್ಟುಹೋದ ಡಾಕ್ಟರುಗಳ ಪುಟಗಳು ಹಾಗೇ ತೆರೆದಿದ್ದು, ಇಲ್ಲದ ಡಾಕ್ಟರ ಹತ್ತಿರ ಜನ ಹಲ್ಲು ಕೀಳಿಸಿಕೊಳ್ಳಲು ಸಮಯ ಗೊತ್ತುಮಾಡಿಕೊಳ್ಳುತ್ತಿದ್ದರು. ಅಂಥ ಪುಟಗಳನ್ನು ಮುಚ್ಚಲು ಹೊಸ ಟೂಲ್ ಬಂದಿತ್ತು. ಅದರ ಕೈಪಿಡಿ ಬರೆಯುವವನು ಗುರುದತ್ತ. ಅಂದು ಶುಕ್ರವಾರ; ಸಂಜೆಯೊಳಗೆ ಬಾಸ್ ಫಣೀಂದ್ರ ಅದನ್ನು ಒಪ್ಪಿದರೆ ಆರು ಗಂಟೆಯ ರೈಲಿಗೆ ವಿಜಯವಾಡಕ್ಕೆ ಹೋಗಬಹುದು. ಅಲ್ಲಿ ಹೆಂಡತಿ ಅನು ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಇಬ್ಬರೂ ಮುಖ ನೋಡಿಕೊಂಡು ಐದು ವಾರವಾಗಿತ್ತು.

ಉಳಿದದ್ದು 'ಪುಟ ಮುಚ್ಚಲಾಗಿದೆ' ಎಂಬ ಕೊನೆಯ ಸ್ಕ್ರೀನ್‌ಶಾಟ್. ಆದರೆ ಪರೀಕ್ಷೆಗೆಂದು ಇಟ್ಟಿದ್ದ ಪುಟಗಳನ್ನೆಲ್ಲ ಯಾರೋ ಆಗಲೇ ಮುಚ್ಚಿ ಮುಗಿಸಿದ್ದರು.

"ಬಾಸ್ ಬುಕಿಂಗ್ ಪುಟಾನೇ ಮುಚ್ಚು ಗುರು," ಎಂದಳು ಪಕ್ಕದ ಮೇಜಿನ ಜಾಹ್ನವಿ. ಮೈಸೂರಿನವಳು, ಬೇರೆಯವರ ಕೆಲಸದಲ್ಲಿ ಅವಳಿಗೆ ಅಪಾರ ಉತ್ಸಾಹ. "ಎರಡು ನಿಮಿಷ ತಾನೆ? ಫೋಟೋ ತಕ್ಕೊಂಡು ಮತ್ತೆ ತೆರೆದ್ಬಿಡು."

ಗುರುದತ್ತ ಮುಚ್ಚಿದ. ಚಿತ್ರ ಚೆನ್ನಾಗಿ ಬಂತು. ಮತ್ತೆ ತೆರೆಯುವ ಬಟನ್ ಹುಡುಕಿದ. ಇರಲಿಲ್ಲ. 'ಮತ್ತೆ ತೆರೆಯುವ ಸೌಲಭ್ಯ ಮುಂದಿನ ಆವೃತ್ತಿಯಲ್ಲಿ ಬರಲಿದೆ' ಎಂದು ನಿನ್ನೆ ಅವನೇ ಬರೆದಿದ್ದ. ಕೈಪಿಡಿಯನ್ನು ಯಾರೂ ಓದುವುದಿಲ್ಲ, ಬರೆದವನೂ.

"ಸತ್ನಲ್ಲೋ!" ಎಂದ ಧಾರವಾಡದ ಗುರುದತ್ತ.

ಆ ಆಫೀಸಿನಲ್ಲಿ ಬಾಸ್ ಜೊತೆ ಮಾತಾಡಬೇಕಾದರೆ ಆ ಪುಟದಲ್ಲಿಯೇ ಹದಿನೈದು ನಿಮಿಷ ಬುಕ್ ಮಾಡಬೇಕಿತ್ತು. ನಮ್ಮ ಸರಕನ್ನು ನಾವೇ ಬಳಸದಿದ್ದರೆ ಹೇಗೆ ಎಂಬುದು ಫಣೀಂದ್ರನ ತತ್ವ. ಕೈಪಿಡಿ ಒಪ್ಪಿಸಲಿಕ್ಕೂ ಸ್ಲಾಟ್ ಬೇಕು, ಪುಟ ಮುಚ್ಚಿದ್ದೇನೆಂದು ಹೇಳಲಿಕ್ಕೂ ಸ್ಲಾಟ್ ಬೇಕು. ಬಾವಿಯೊಳಗೆ ಇಳಿದು ಏಣಿಯನ್ನು ಮೇಲಕ್ಕೆ ಎಸೆದವನಂತೆ ಗುರುದತ್ತ ಕುಳಿತ.

ಧೈರ್ಯ ಮಾಡಿ ಗಾಜಿನ ಬಾಗಿಲು ತಳ್ಳಿದ.

"ಸ್ಲಾಟ್ ಇದೆಯಾ?" ಫಣೀಂದ್ರ ತಲೆ ಎತ್ತಲಿಲ್ಲ. ಹತ್ತು ವರ್ಷ ಬೆಂಗಳೂರಿನಲ್ಲಿ ಕಲಿತ ಕನ್ನಡ.

"ಇಲ್ರಿ ಸರ್, ಅದು ಏನಾಗೇದಂದ್ರ..."

"ಬುಕ್ ಮಾಡಿ ಬನ್ನಿ."

ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಅಕೌಂಟ್ಸ್‌ನ ನಟರಾಜ ಬಂದು, "ಬಾಸ್ ಪುಟ ಮುಚ್ಚಿದ್ದು ನೀವೇನಾ?" ಎಂದು ಗಂಭೀರವಾಗಿ ಕೇಳಿ, ಕೈ ಕುಲುಕಿ ಹೋದ. ಬುಕ್ ಆಗಿದ್ದ ಮೀಟಿಂಗುಗಳೆಲ್ಲ ರದ್ದಾಗಿ ಇಡೀ ಆಫೀಸು ರಜೆಯ ದಿನದ ಶಾಲೆಯಂತೆ ನಗುತ್ತಿತ್ತು.

ಸ್ಲಾಟ್ ಇಲ್ಲದೆ ಒಳಗೆ ಹೋಗುವ ಜೀವ ಒಂದೇ: ಟೀ ಕೊಡುವ ಕೋಟೇಶ್ವರಮ್ಮ. ಹನ್ನೊಂದು ಗಂಟೆಗೆ ಗುರುದತ್ತ ಕೈಪಿಡಿಯನ್ನು ಪ್ರಿಂಟ್ ಮಾಡಿ ಅವಳ ತಟ್ಟೆಯಲ್ಲಿಟ್ಟ. ಮುಚ್ಚಿದ ಪುಟದ ವಿಷಯ ಬರೆಯಲು ಮಾತ್ರ ಕೈ ಬರಲಿಲ್ಲ.

"ಅಮ್ಮಾ, ಹೆಂಗರ ಮಾಡಿ ಇದನ್ನ ಅವರ ಮುಂದ ಇಡ್ರಿ."

"ಹೆಂಡತಿ ಹತ್ತಿರ ಹೋಗಬೇಕು ಕದಾ ಬಾಬೂ?" ಎಂದು ಕೋಟೇಶ್ವರಮ್ಮ ತೆಲುಗು ಬೆರೆತ ಕನ್ನಡದಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು. "ಎರಡು ಬಿಸ್ಕತ್ತು ಜಾಸ್ತಿ ಇಡ್ತೀನಿ. ಓದ್ತಾರೆ."

ಐದು ಗಂಟೆಗೆ ಫಣೀಂದ್ರ ತಾನೇ ಹೊರಗೆ ಬಂದ. ಮುಖ ಹಬ್ಬದ ಹಾಗಿತ್ತು.

"ಗುರುದತ್ತ ಗಾರೂ! ಇವತ್ತು ಒಬ್ಬನೂ ನನ್ನ ತಲೆ ತಿನ್ನಲಿಲ್ಲ. ನಿಮ್ಮ ಕೈಪಿಡಿ ಪೂರ್ತಿ ಓದಿದೆ. ಅದ್ಭುತ! ಒಪ್ಪಿದ್ದೇನೆ, ಹೊರಡಿ."

ಗುರುದತ್ತನಿಗೆ ಬೆನ್ನಿನ ಚೀಲ ತಾನಾಗಿ ಹೆಗಲೇರಿದಂತಾಯಿತು.

"ಸಾಲು ಸಾಲು ಓದ್ತಾ ನಾನೇ ಮಾಡಿ ನೋಡಿದೆ. ಮೂರನೇ ಹೆಜ್ಜೆ, 'ಪುಟದ ಹೆಸರು ಹಾಕಿ, ಉದಾಹರಣೆಗೆ' ಅಂತ ಒಂದು ಹೆಸರು ಕೊಟ್ಟಿದ್ದೀರಲ್ಲ, ಅದನ್ನೇ ಹಾಕಿದೆ. ಟಕ್ ಅಂತ ಮುಚ್ಚಿಕೊಳ್ತು!"

ಚೀಲ ಹೆಗಲಿಂದ ಜಾರಿತು. ನಿನ್ನೆ ಉದಾಹರಣೆ ಬರೆಯುವಾಗ ಅವನ ತಲೆಯಲ್ಲಿದ್ದದ್ದು ಒಬ್ಬಳೇ. ಅನು ಕೆಲಸ ಮಾಡುವ ಫಿಸಿಯೋಥೆರಪಿ ವಿಭಾಗದ ಪುಟವನ್ನೇ ಬರೆದುಬಿಟ್ಟಿದ್ದ. ಅದೂ ಇವರೇ ಮಾಡಿಕೊಟ್ಟ ಪುಟ.

ಫಣೀಂದ್ರನ ಫೋನ್ ಹೊಡೆದುಕೊಂಡಿತು. ಆ ಆಸ್ಪತ್ರೆಯದೇ. ಕೇಳುತ್ತ ಕೇಳುತ್ತ ಅವನ ಮುಖದ ಹಬ್ಬ ಮುಗಿಯಿತು.

"ಭಾನುವಾರದವರೆಗಿನ ಬುಕಿಂಗ್ ಎಲ್ಲ ರದ್ದಂತೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನೀವು ಅವರ ಆಫೀಸಲ್ಲಿ ಕೂತು ಹೊಸ ಪುಟ ಮಾಡಿಕೊಡಬೇಕು. ಎರಡು ದಿನ ಆಗುತ್ತೆ. ಹೇಗೂ ವಿಜಯವಾಡಕ್ಕೆ ಟಿಕೆಟ್ ಇದೆಯಲ್ಲ!"

ಪರವಾಗಿಲ್ಲ, ಅನು ಇರುವ ಆಸ್ಪತ್ರೆಯೇ ಅಲ್ಲವೆ? ಗುರುದತ್ತ ಸ್ಟೇಷನ್‌ಗೆ ಓಡಿ, ಹೊರಟಿದ್ದ ರೈಲು ಹಿಡಿದು, ಉಸಿರು ಬಿಟ್ಟು ಫೋನ್ ಮಾಡಿದ.

"ರೀ, ನಾನೇ ಮಾಡೋಳಿದ್ದೆ!" ಅನುವಿನ ದನಿಯಲ್ಲಿ ನಗು ತುಂಬಿತ್ತು. "ನಮ್ಮ ಪೇಷಂಟ್ಸ್ ಎಲ್ಲಾ ಅದೇನೋ ಕ್ಯಾನ್ಸಲ್ ಆದ್ರು. ಸೋಮವಾರದ ತನಕಾ ರಜಾ ಕೊಟ್ರು. ಮಧ್ಯಾಹ್ನದ ಗಾಡಿ ಹತ್ತೇನಿ, ತುನಿ ದಾಟಿ ಭಾಳ ಹೊತ್ತಾತು. ಇನ್ನೊಂದು ತಾಸಿಗೆ ವಿಶಾಖಪಟ್ಟಣ, ಸ್ಟೇಷನ್‌ಗೆ ಬರ್ರಿ!"

ಅನಕಾಪಲ್ಲಿಯ ಹತ್ತಿರ ಎದುರು ಹಳಿಯ ಮೇಲೆ ಸದ್ದು ಕೇಳಿಸಿತು. ಗುರುದತ್ತ ಬಾಗಿಲಿಗೆ ಹೋಗಿ, ಕಂಬಿ ಹಿಡಿದು, ಎರಡು ನಿಮಿಷ ಬಿಡದೆ ಕೈ ಬೀಸಿದ.

ಅದು ಗೂಡ್ಸ್ ಗಾಡಿ.