ಪೇಟಿಯನ್ನು ತೊಟ್ಟಿಲಿಗೆ ಹಾಕಿದವನು

ನನ್ನ ತಮ್ಮನಿಗೆ ತಲೆ ಸರಿ ಇಲ್ಲ ಎಂದು ಯರಗಟ್ಟಿಯ ಅರ್ಧ ಊರು ಹೇಳುತ್ತಿತ್ತು. ಉಳಿದರ್ಧ ಊರಿಗೆ ಅವನ ಪರಿಚಯ ಇರಲಿಲ್ಲ, ಇದ್ದಿದ್ದರೆ ಅವರೂ ಹೇಳುತ್ತಿದ್ದರು! ನಾನು ಮಾತ್ರ ಹಾಗೆ ಹೇಳುವವಳಲ್ಲ. ತಲೆ ಸರಿಯಾಗಿಯೇ ಇತ್ತು, ಅದರೊಳಗೆ ಸದಾ ಯಾರೋ ತಬಲಾ ಬಾರಿಸುತ್ತಿದ್ದರು, ಅಷ್ಟೇ.

ಅವನು ಹೈಸ್ಕೂಲಿನ ಸಂಗೀತ ಮಾಸ್ತರ. ಗಂಡ ತೀರಿಕೊಂಡ ಮೇಲೆ ನಾನು ಅವನ ಮನೆ ಸೇರಿದ್ದೆ. ಸಂತೆಯಿಂದ ನೀರಿನ ಗಡಿಗೆ ತಾ ಎಂದು ಕಳಿಸಿದರೆ ಒಂದೊಂದನ್ನೂ ಬಡಿದು, ಕಿವಿಗೆ ಹಿಡಿದು, ಕುಂಬಾರನ ತಲೆ ತಿಂದು, ಕೊನೆಗೆ ಎರಡು ತಂಬಿಗೆ ನೀರೂ ಹಿಡಿಯದ ಗಡಿಗೆ ತಂದ. ಇದರಲ್ಲಿ ಏನು ತುಂಬಲಿ ಎಂದರೆ, ಏನೂ ತುಂಬಬೇಡ, ದನಿ ಕೆಡುತ್ತದೆ ಎಂದ! ನಾನು ರೊಟ್ಟಿ ಬಡಿಯುವಾಗ ಬಾಗಿಲಲ್ಲಿ ನಿಂತು ತಾಳ ತಪ್ಪಿತು ಎನ್ನುತ್ತಿದ್ದ. ರೊಟ್ಟಿ ಹರಿದಿಲ್ಲವಲ್ಲ, ತಿಂದು ಏಳು ಎನ್ನುತ್ತಿದ್ದೆ. ಇಂಥವನ ಜೊತೆ ನೀವಾದರೂ ಹೇಗೆ ಬಾಳುತ್ತಿದ್ದಿರಿ?

ಎಪ್ಪತ್ತನಾಲ್ಕನೇ ಇಸವಿಯೋ ಎಪ್ಪತ್ತೈದೋ ಇರಬೇಕು. ಅವನ ಹುಡುಗ ಹುಡುಗಿಯರು ಏಳೆಂಟು ಮಂದಿ ಕೂಡಿ ಒಂದು ಹಾಡಿನ ಮೇಳ ಕಟ್ಟಿದರು. ಸವದತ್ತಿಯಲ್ಲಿ ಶಾಲೆಗಳ ಸ್ಪರ್ಧೆ ಇತ್ತು. ಹಾಡೇನೋ ಕಲಿತರು. ಮೇಳಕ್ಕೆ ಹೆಸರಿಡುವ ಮಾತು ಬಂತು ನೋಡಿ, ಮೇಳ ಮೂರು ಪಾಲಾಯಿತು.

ತಬಲಾ ಬಾರಿಸುವ ಹುಡುಗ ತನ್ನ ಅಜ್ಜನ ಹೆಸರೇ ಇಡಬೇಕು ಎಂದ. ದಲಾಲಿ ಅಂಗಡಿಯ ಆ ಅಜ್ಜನೇ ತಬಲಾ ಕೊಡಿಸಿದ್ದು. ಪೇಟಿ, ಅಂದರೆ ಹಾರ್ಮೋನಿಯಂ ನುಡಿಸುವ ಹುಡುಗಿ ಸಿರಸಂಗಿಯವಳು, ಅವಳಿಗೆ ತಮ್ಮೂರ ದೇವಿ ಕಾಳವ್ವನ ಹೆಸರೇ ಬೇಕು. ಇನ್ನೊಬ್ಬ ಉದ್ದ ಹುಡುಗ, ನಾಲ್ಕು ಪುಸ್ತಕ ಓದಿದವನು, 'ಶ್ರೀ ಸುಮಧುರ ಸ್ವರ ಸಂಗಮ ಸಂಗೀತ ಸಾಧಕ ಸಂಘ' ಎಂದ. ಹಾಡುವ ಉಳಿದವರು ಅತ್ತ ಒಂದು ದಿನ, ಇತ್ತ ಒಂದು ದಿನ. ತಬಲಾ ಹುಡುಗನೂ ಪೇಟಿ ಹುಡುಗಿಯೂ ಮಾತು ಬಿಟ್ಟರು. ಹೆಡ್ ಮಾಸ್ತರರು ತಮ್ಮನನ್ನು ಕರೆದು, ತಮ್ಮೊಳಗೆ ಒಂದು ಹೆಸರು ಒಪ್ಪಲಾಗದ ಮಕ್ಕಳನ್ನು ಸವದತ್ತಿಗೆ ಕಳಿಸುವುದಿಲ್ಲ, ಸಂಗೀತದ ಕೋಣೆಯಲ್ಲಿ ಮುರಿದ ಬೆಂಚು ತುಂಬಿಸುತ್ತೇನೆ ಎಂದರು. ಅವತ್ತು ನನ್ನ ತಮ್ಮ ರೊಟ್ಟಿಯ ತಾಳ ನೋಡಲು ಬರಲಿಲ್ಲ.

ನೀನೇ ಒಂದು ಹೆಸರು ಇಟ್ಟು ಮುಗಿಸು ಎಂದೆ. ನಾನು ಇಟ್ಟರೆ ಅದು ನನ್ನ ಮೇಳ ಆಗುತ್ತದೆ ಎಂದ. ಕೈ ಎತ್ತಿಸು ಎಂದೆ.

"ಕೈ ಎತ್ತಿಸಿದ್ರ ಸೋತಾಂವ ಬಾಯಿ ತಗ್ಯಂಗಿಲ್ಲ ಅಕ್ಕಾ. ಹಾಡೂದು ಬಾಯಿಲೆ," ಎಂದ.

ಅವನ ದಾರಿಯೇ ಬೇರೆ. ಮಕ್ಕಳನ್ನು ಮನೆಗೆ ಕರೆಸಿ, ಯಾರೂ ತಮ್ಮ ಹೆಸರನ್ನು ಹೊಗಳಬಾರದು, ಮತ್ತೊಬ್ಬರು ಹೇಳಿದ್ದನ್ನೇ ಹೊಗಳಬೇಕು ಎಂದ. ತಬಲಾ ಹುಡುಗನ ಪಾಲಿಗೆ ಕಾಳವ್ವ ಬಂದಳು. ಅವನು ಎದ್ದು ನಿಂತು, "ಛಲೋ ಐತ್ರಿ," ಎಂದು ಕೂತ.

"ಯಾಕ ಛಲೋ ಐತಿ, ಅದನ್ನ ಹೇಳಲೇ."

"ನೀವ ಹೇಳಂದ್ರೆಲ್ರಿ ಸರ, ಅದಕ್ಕ."

ಅಲ್ಲಿಗೆ ಹೊಗಳಿಕೆ ಮುಗಿಯಿತು. ಮರುದಿನ ಸಂಜೆ ಎಲ್ಲರನ್ನೂ ನಮ್ಮ ಮಾಳಿಗೆ ಹತ್ತಿಸಿದ. ಹೆಸರು ಇಡುವುದೇ ಕರೆಯಲಿಕ್ಕೆ, ಕರೆದರೆ ಯಾರಾದರೂ ಬರಬೇಕು, ಒಬ್ಬೊಬ್ಬರೂ ನಿಮ್ಮ ಹೆಸರನ್ನು ಓಣಿಗೆಲ್ಲ ಕೇಳುವಂತೆ ಕೂಗಿ ಎಂದ. ಉದ್ದ ಹುಡುಗ 'ಶ್ರೀ ಸುಮಧುರ' ಎಂದು ಶುರು ಮಾಡಿ 'ಸಂಗೀತ'ಕ್ಕೆ ಬರುವುದರೊಳಗೆ ಉಸಿರು ಸಾಲದೆ ಕೆಮ್ಮತೊಡಗಿದ. ಪೇಟಿ ಹುಡುಗಿ ಕಾಳವ್ವಾ ಎಂದು ಕೂಗಿದ್ದೇ ತಡ, ಓಣಿಯ ಮೂವರು ಕಾಳವ್ವಂದಿರು ಬಾಗಿಲಿಗೆ ಬಂದು ಏನಾಯಿತು ಎಂದು ಮೇಲೆ ನೋಡಿದರು. ತಬಲಾ ಹುಡುಗ ಅಜ್ಜನ ಹೆಸರನ್ನು ಎಷ್ಟು ಜೋರಾಗಿ ಕೂಗಿದನೆಂದರೆ, ಮೂಲೆಯ ಅಂಗಡಿಯಿಂದ ಅಜ್ಜನೇ ಬಡಿಗೆ ಹಿಡಿದು ಹೊರಬಿದ್ದ. ಹಿರಿಯರ ಹೆಸರನ್ನು ಬಾಯಲ್ಲಿ ಎತ್ತಲೂ ಅಂಜುವ ಊರು ನಮ್ಮದು!

"ಯಾಂವಲೇ ಅಂವ, ನನ್ನ ಹೆಸರ ಹಿಡದ ಒದರಾಂವ?"

"ನಾನಜ್ಜಾ. ನಿನಗ ಮರ್ಯಾದಿ ಕೊಡಾಕತ್ತೇನಿ."

ಮೂರೂ ಹೆಸರು ಮಣ್ಣುಪಾಲು. ಮಕ್ಕಳು ಮೋರೆ ಸಣ್ಣದು ಮಾಡಿ ಮಾಳಿಗೆಯ ಮೇಲೆಯೇ ಕೂತರು. ನನಗೆ ಇದೆಲ್ಲ ಸಾಕಾಗಿತ್ತು. ಅಂಗಳಕ್ಕೆ ಬಂದು ಒಂದೇ ಸಲ ಕೂಗಿದೆ.

"ರೊಟ್ಟಿ ಆರಾಕತ್ತಾವು, ಬರ್ರಿ!"

ಎಲ್ಲರೂ ಬಂದರು. ಮಕ್ಕಳು ಇಳಿದರು. ಮೂವರು ಕಾಳವ್ವಂದಿರು ಒಳಗೆ ಬಂದರು. ಅಜ್ಜ ಬಡಿಗೆಯನ್ನು ಗೋಡೆಗೆ ಒರಗಿಸಿ ಕೂತ. ಯಾರ ಮಗ್ಗುಲಿಗೆ ಯಾರು ಕೂತರೆಂದು ನಾನು ನೋಡಲಿಲ್ಲ, ರೊಟ್ಟಿ ಸಾಲುತ್ತದೋ ಎಂದಷ್ಟೇ ನೋಡಿದೆ. ಮಾತು ಬಿಟ್ಟ ಇಬ್ಬರೂ ಒಂದೇ ತಾಟಿನ ಶೇಂಗಾ ಹಿಂಡಿಗೆ ಕೈ ಹಾಕಿದ್ದರು. ಪೇಟಿ ಹುಡುಗಿ ತುತ್ತು ಅರ್ಧಕ್ಕೇ ನಿಲ್ಲಿಸಿ, ಎಲ್ಲರನ್ನೂ ಬರಿಸಿದ ಹೆಸರು ಇದೊಂದೇ, 'ಬರ್ರಿ' ಎಂದೇ ಇಡೋಣ ಎಂದಳು. ತಬಲಾ ಹುಡುಗ ಬಾಯಿತುಂಬ ರೊಟ್ಟಿ ಇಟ್ಟುಕೊಂಡೇ ಅದಕ್ಕೆ 'ಬಳಗ' ಸೇರಿಸಿದ. ಉದ್ದ ಹುಡುಗ ಮೊದಲಿಗೆ ಒಂದು 'ಶ್ರೀ' ಇರಲಿ ಎಂದು ಕೇಳಿಕೊಂಡ. ಎಲ್ಲರೂ ಅವನನ್ನು ನೋಡಿದರು. ಅವನು ಶ್ರೀಯನ್ನು ರೊಟ್ಟಿಯ ಜೊತೆ ನುಂಗಿದ. ಬರ್ರಿ ಬಳಗ!

ಸವದತ್ತಿಯಲ್ಲಿ ಬಹುಮಾನ ಬಂತೇ ಎಂದು ಕೇಳುತ್ತೀರಾ? ಇಲ್ಲ. ಆದರೆ ಅವರ ಹೆಸರು ಕರೆದ ಕೂಡಲೇ ಹೊರಗೆ ಚಹಾ ಕುಡಿಯುತ್ತಿದ್ದವರೆಲ್ಲ ಎದ್ದು ಒಳಗೆ ಬಂದರಂತೆ. ಸಂಗೀತದ ಕೋಣೆಯೂ ಉಳಿಯಿತು.

ಸವದತ್ತಿಗೆ ಹೊರಡುವ ಹಿಂದಿನ ಸಂಜೆ ತಮ್ಮ ಯಾರದೋ ಮನೆಯಿಂದ ತೊಟ್ಟಿಲು ಹೊತ್ತು ತಂದಿದ್ದ. ಹೆಸರು ಒಪ್ಪಿದರೆ ಸಾಲದು, ಇಡುವಂತೆ ಇಡಬೇಕಂತೆ. ತೊಟ್ಟಿಲೊಳಗೆ ಪೇಟಿ ಮಲಗಿಸಿ, ಕೂಸಿಗೆ ಹೊದಿಸುವ ಕುಂಚಿಗೆಯನ್ನೇ ಹೊದಿಸಿದ. ಮಕ್ಕಳೆಲ್ಲ ಕೂಡಿ ಜೋಗುಳ ಹಾಡಿದರು. ನಮ್ಮ ಕಡೆ ಹೆಸರಿಡುವವಳು ಸೋದರತ್ತೆ. ಅವಳು ಬಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವಾಗ ಸುತ್ತ ನಿಂತ ಹೆಣ್ಣುಮಕ್ಕಳು ಅವಳ ಬೆನ್ನಿಗೆ ಗುದ್ದುತ್ತಾರೆ. ಅದು ಅವಳಿಗೆ ಸಲ್ಲುವ ಮರ್ಯಾದೆ. ತಮ್ಮ ನನ್ನ ಕೈ ಹಿಡಿದು ಮುಂದೆ ಎಳೆದ.

ಓಣಿಯ ಕಾಳವ್ವಂದಿರೂ ಬಂದಿದ್ದರು. ಅವರಲ್ಲಿ ಹಿರಿಯಾಕೆ, ಗಂಡ ಇಲ್ಲದಾಕಿ ತೊಟ್ಟಿಲು ಮುಟ್ಟುವುದು ಬೇಡ ಎಂದು ಮೆಲ್ಲಗೆ ಹೇಳಿದಳು. ನಾನೂ ಅದನ್ನೇ ಹೇಳುವವಳಿದ್ದೆ.

"ಅತ್ತಿ ಆಕೀನ," ಎಂದ ತಮ್ಮ. "ಮತ್ತೊಬ್ಬಾಕಿನ್ನ ಎಲ್ಲಿಂದ ತರ್ಲಿ?"

ಪೇಟಿಗೆ ಕಿವಿ ಎಲ್ಲೋ ಎಂದು ಕೇಳಿದೆ. ಉಸಿರಾಡುವ ಕಡೆ ಹೇಳು ಎಂದು ಅದರ ತಿದಿ ತೋರಿಸಿದ.

ನನಗಿದ್ದವನು ಇವನೊಬ್ಬನೇ ತಮ್ಮ, ಇವನು ಮದುವೆಯಾಗಲಿಲ್ಲ. ಎಷ್ಟೋ ತೊಟ್ಟಿಲ ಮುಂದೆ ಬೇರೆಯವರ ಬೆನ್ನಿಗೆ ನಾನು ಗುದ್ದಿದ್ದೆ. ಗಂಡ ಹೋದ ಮೇಲೆ ಅದಕ್ಕೂ ಯಾರೂ ಕರೆದಿರಲಿಲ್ಲ.

"ಅತ್ತೀ, ಬೆನ್ನ ಕೊಡ್ರಿ," ಎಂದಳು ಪೇಟಿ ಹುಡುಗಿ.

ಬಾಗಿದೆ. ಹುಡುಗಿಯರು ಗುದ್ದಿದರು, ಕಾಳವ್ವಂದಿರೂ ಸೇರಿಕೊಂಡರು. ಹೊಲದಲ್ಲಿ ದುಡಿದ ಕೈಗಳು, ಗುದ್ದು ಗುದ್ದಿನಂತೆಯೇ ಬೀಳುತ್ತಿದ್ದವು. ಹೆಸರು ಹೇಳಿ ಮುಗಿದಿತ್ತು. ನಾನು ಇನ್ನೂ ಸ್ವಲ್ಪ ಹೊತ್ತು ಬಾಗಿಯೇ ಇದ್ದೆ.